ಬೆನ್ನಿನ ನೀರಿನ ಉತ್ತರ ಮೊದಲು ಯಾರಿಗೆ

ಗಾರೆ ಕೆಲಸದ ಆ ಮೇಸ್ತ್ರಿಗೆ ಆಲ್ಝೈಮರ್ ಕಾಯಿಲೆ ಇಲ್ಲವೆಂದು ನಾನು ಯಾರ ಮುಂದೆ ಬೇಕಾದರೂ ನಿಂತು ಹೇಳಬಲ್ಲವಳಾಗಿದ್ದೆ. ಆದರೆ ನಮ್ಮ ಪ್ರಯೋಗಾಲಯದ ಯಂತ್ರ ಇದೆ ಎನ್ನುತ್ತಿತ್ತು.

ಹೊಸ ಶತಮಾನ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಮಣಿಪಾಲದ ಒಂದು ಆಸ್ಪತ್ರೆಯ ಜೀವರಸಾಯನ ವಿಭಾಗದಲ್ಲಿ ನನಗೆ ಕೆಲಸ. ಮರೆವಿನ ಕಾಯಿಲೆಯನ್ನು ಬೆನ್ನುಹುರಿಯ ಸುತ್ತ ಇರುವ ದ್ರವದಲ್ಲಿ ಬೇಗನೆ ಪತ್ತೆ ಹಚ್ಚಬಹುದು ಎಂಬ ಮಾತು ಆಗ ಹೊರದೇಶಗಳಿಂದ ಬರುತ್ತಿತ್ತು. ಹೇಳುವುದಕ್ಕೆ ವಿಷಯ ಸರಳ. ಅಮಿಲಾಯ್ಡ್ ಎಂಬ ಪ್ರೋಟೀನು ಮಿದುಳಿನಲ್ಲಿ ಗಟ್ಟಿಯಾಗಿ ಕೂರತೊಡಗಿದರೆ ದ್ರವದಲ್ಲಿ ಅದು ಕಡಿಮೆಯಾಗುತ್ತದೆ. ನರಕೋಶಗಳು ಒಡೆಯತೊಡಗಿದರೆ ಟಾವ್ ಎಂಬ ಇನ್ನೊಂದು ಪ್ರೋಟೀನು ದ್ರವದಲ್ಲಿ ಹೆಚ್ಚುತ್ತದೆ. ಒಂದು ಇಳಿದು ಇನ್ನೊಂದು ಏರಿದ್ದರೆ ಅನುಮಾನ ಬಲವಾಗುತ್ತದೆ. ನಮ್ಮ ನರರೋಗ ತಜ್ಞರೂ ನಾನೂ ಸೇರಿ ಇದನ್ನು ಇಲ್ಲಿಯೂ ಮಾಡಿ ನೋಡೋಣ ಎಂದು ಹೊರಟಿದ್ದೆವು. ನಮ್ಮ ವಿಭಾಗದ ಮುಖ್ಯಸ್ಥರಿಗೆ ಅದು ಮೊದಲಿನಿಂದಲೂ ಹಿಡಿಸಿರಲಿಲ್ಲ. “ಮದ್ದೇ ಇಲ್ಲದ ರೋಗವನ್ನು ಮೊದಲೇ ಕಂಡುಹಿಡಿದು ಎಂತ ಮಾಡ್ತೀರಿ?” ಎಂದು ಸಿಕ್ಕಿದಲ್ಲೆಲ್ಲ ಕೇಳುತ್ತಿದ್ದರು.

ಮೇಸ್ತ್ರಿ ಬಾಗಲಕೋಟೆ ಕಡೆಯವರು. ಉಡುಪಿಯಲ್ಲಿ ಏಳುತ್ತಿದ್ದ ಕಟ್ಟಡವೊಂದರ ಸಾರುವೆಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡಲು ಹೇಗೂ ಬೆನ್ನಿಗೆ ಸೂಜಿ ಹಾಕುತ್ತಾರೆ. ಆಗಲೇ ಸ್ವಲ್ಪ ದ್ರವ ತೆಗೆದುಕೊಂಡರೆ, ಮರೆವಿನ ತೊಂದರೆ ಇಲ್ಲದವರ ಮಾದರಿ ಹೋಲಿಕೆಗೆ ಸಿಗುತ್ತದೆ. ಒಪ್ಪಿಗೆ ಕೇಳಲು ನಾನೇ ವಾರ್ಡಿಗೆ ಹೋಗಿದ್ದೆ. “ತಗೋರಿ ಅಕ್ಕಾರ, ಹೆಂಗೂ ಚುಚ್ಚೋದು ಚುಚ್ಚತೀರಿ. ನಾಕು ಹನಿ ನಿಮಗೂ ಇರ್ಲಿ,” ಎಂದು ನಕ್ಕು ಹೆಬ್ಬೆಟ್ಟು ಒತ್ತಿದ್ದರು.

ಮೊದಲ ಪರೀಕ್ಷೆಯ ತಟ್ಟೆಯಲ್ಲಿ ಮೇಸ್ತ್ರಿಯ ಅಮಿಲಾಯ್ಡ್ ನೆಲ ಕಚ್ಚಿತ್ತು. ಅವರದು ಮಾತ್ರವಲ್ಲ, ರೋಗಿಗಳದೂ ಆರೋಗ್ಯವಂತರದೂ ಎಲ್ಲವೂ ಒಂದೇ ಸಮ ತಳದಲ್ಲಿದ್ದವು. ಅಮಿಲಾಯ್ಡ್ ಇದ್ದಷ್ಟೂ ತಟ್ಟೆಯ ಪುಟ್ಟ ಗುಳಿಗಳಲ್ಲಿ ಹಳದಿ ಗಾಢವಾಗುತ್ತದೆ. ಗಾಢ ಹಳದಿ ಮೂಡಬೇಕಾದ ಕಡೆಯೆಲ್ಲ ತೆಳ್ಳನೆಯ ಬಣ್ಣ.

ನರರೋಗ ತಜ್ಞರು ಫಲಿತಾಂಶ ನೋಡಿ ಕನ್ನಡಕ ತೆಗೆದಿಟ್ಟರು. “ನಿಮ್ಮ ಪ್ರಕಾರ ರೋಗಿಗೂ ಉಂಟು, ಮೇಸ್ತ್ರಿಗೂ ಉಂಟು. ಇನ್ನು ನಿಮ್ಮ ಬೆನ್ನಿಗೂ ನನ್ನ ಬೆನ್ನಿಗೂ ಚುಚ್ಚಿ ನೋಡುವುದು ಮಾತ್ರ ಬಾಕಿ.”

ನಾನು ಮೇಸ್ತ್ರಿಯ ವಾರ್ಡಿಗೆ ಹೋದೆ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಪಕ್ಕದ ಮಂಚದವನ ಜೊತೆ ಇಸ್ಪೀಟು ಆಡುತ್ತ, “ಕಳಾವರ ರಾಣಿ ನೀ ಆಗಲೇ ಒಗದೀಯಲ್ಲೋ, ಮತ್ತ ಹೆಂಗ ಬಂತು ಅದು ನಿನ್ನ ಕೈಯಾಗ?” ಎಂದು ಜಗಳಕ್ಕೆ ಬಿದ್ದಿದ್ದರು. ಈ ಮನುಷ್ಯನಿಗೆ ಮರೆವೆಂದು ಹೇಳುವ ಪರೀಕ್ಷೆಯಲ್ಲೇ ಏನೋ ಹೆಚ್ಚುಕಡಿಮೆ ಆಗಿದೆ ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಮುಖ್ಯಸ್ಥರು ಮಾತ್ರ ಕತೆ ಮುಗಿಯಿತು ಎಂದರು. ಹೊರದೇಶದಿಂದ ತರಿಸಿದ ಪರೀಕ್ಷೆಯ ಕಿಟ್ಟಿನಲ್ಲಿ ಉಳಿದದ್ದನ್ನು ಹಾಳು ಮಾಡುವುದು ಬೇಡ, ಇದು ಇಲ್ಲಿಯ ಸೆಕೆಗೆ, ಇಲ್ಲಿಯ ಕರೆಂಟಿಗೆ ಆಗುವ ಕೆಲಸವಲ್ಲ ಎಂದರು. ಇಲ್ಲಿ ಆಗುವುದಿಲ್ಲ ಎಂಬ ಆ ಮಾತು ನನಗೆ ಚುಚ್ಚಿತು.

ಆ ವಾರವೇ ಒಬ್ಬ ಹೆಂಗಸು ನೇರವಾಗಿ ಪ್ರಯೋಗಾಲಯದ ಒಳಗೆ ಬಂದರು. ರೋಗಿಗಳು ಅಲ್ಲಿಗೆ ಬರುವ ಕ್ರಮವಿಲ್ಲ. ಐವತ್ತೈದರ ಆಚೀಚೆ ಪ್ರಾಯ, ಬಿಗಿಯಾಗಿ ಪಿನ್ನು ಹಾಕಿದ ಹತ್ತಿಯ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು.

“ನನ್ನ ಬೆನ್ನಿನ ನೀರು ಇಲ್ಲಿ ಉಂಟಂತೆ ಅಲ್ವಾ? ಎಂತ ಆಯ್ತು ಅದು?”

ಅವರು ಕಾಪುವಿನಲ್ಲಿ ಡ್ರೈವಿಂಗ್ ಶಾಲೆ ನಡೆಸುವವರು. ಗಂಡ ತೀರಿಕೊಂಡ ಮೇಲೆ ಅವರ ಹಳೆಯ ಫಿಯಟ್ಟಿನಲ್ಲಿ ಹೆಂಗಸರಿಗೆ ಕಾರು ಕಲಿಸಲು ಶುರುಮಾಡಿದವರು. ಕಾಪು, ಇನ್ನಂಜೆ, ಕಟಪಾಡಿಯ ಹೆಂಗಸರು ಅನೇಕರು ಸ್ಟೇರಿಂಗ್ ಹಿಡಿದದ್ದು ಇವರ ಕೈಕೆಳಗೆ. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುವುದು. ಮೊದಲ ತಟ್ಟೆಯಲ್ಲಿದ್ದ ರೋಗಿಗಳ ಮಾದರಿಗಳಲ್ಲಿ ಇವರದೂ ಒಂದು.

ನಾನು ಕುರ್ಚಿ ಕೊಟ್ಟೆ. ಕೂರಲಿಲ್ಲ, ನಿಂತೇ ಹೇಳಿದರು. ಅಜೆಕಾರಿನಲ್ಲಿ ಒಂದು ಮದುವೆ ಊಟ ಮುಗಿಸಿ ಒಬ್ಬರೇ ಕಾರಿನಲ್ಲಿ ಹಿಂದೆ ಬರುವಾಗ ಕಾರ್ಕಳದಲ್ಲಿ ಆದದ್ದು ಅದು.

“ಆನೆಕೆರೆಗೆ ಸುತ್ತು ಬಂದೆ. ಪುನಃ ಬಂದೆ. ಪುನಃ ಬಂದೆ. ಕೈಕಾಲು ಎಲ್ಲ ಸಮ ಕೆಲಸ ಮಾಡ್ತದೆ, ಕ್ಲಚ್ಚು ಗೇರು ಎಲ್ಲ ಸರಿ. ಆದರೆ ಉಡುಪಿಗೆ ಹೋಗುವ ರಸ್ತೆ ಯಾವುದು ಅಂತ ಗೊತ್ತಾಗಲಿಲ್ಲ. ಎಷ್ಟು ವರ್ಷ ಓಡಾಡಿದ ರಸ್ತೆ ಮಾರಾಯ್ರೆ ಅದು! ಕಡೆಗೆ ಉಡುಪಿ ಅಂತ ಬೋರ್ಡು ಇದ್ದ ಬಸ್ಸು ಬಂತು. ಅದರ ಬಾಲ ಹಿಡಿದುಕೊಂಡು ಬಂದೆ.”

ಆಮೇಲೆ ಅವರು ಕಂಡ ವೈದ್ಯರೊಬ್ಬರು ಮುಟ್ಟು ನಿಂತ ಪ್ರಾಯದಲ್ಲಿ ಹೀಗಾಗುತ್ತದೆ ಎಂದಿದ್ದರು. ಇನ್ನೊಬ್ಬರು ನಿದ್ರೆಯ ಮಾತ್ರೆ ಕೊಟ್ಟಿದ್ದರು. ಮನೋವೈದ್ಯರು ಖಿನ್ನತೆ ಎಂದು ಬರೆದಿದ್ದರು. ನಮ್ಮ ನರರೋಗ ತಜ್ಞರು ಎಂ.ಆರ್.ಐ. ಮಾಡಿಸಿದ್ದರು. ಹೊಸ ನೆನಪುಗಳನ್ನು ಹಿಡಿದಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ಪದರಪದರವಾಗಿ, ಕಂಪ್ಯೂಟರಿನ ಪರದೆಯ ಮೇಲೆ ಕೈಯಿಂದಲೇ ಗೆರೆ ಎಳೆದು ಅಳೆದಿದ್ದರು. ಸ್ವಲ್ಪ ಕುಗ್ಗಿದಂತಿದೆ, ಪ್ರಾಯಕ್ಕೆ ಸಹಜವೂ ಇರಬಹುದು ಎಂದು ವರದಿ ಬಂದಿತ್ತು. ಹೌದೆಂದೂ ಇಲ್ಲ, ಅಲ್ಲವೆಂದೂ ಇಲ್ಲ. ಹಾಗಾಗಿಯೇ ಬೆನ್ನಿನ ನೀರು ತೆಗೆದದ್ದು.

“ನನಗೆ ಬೇಸರ ಉಂಟು, ಸತ್ಯ,” ಎಂದರು ಟೀಚರ್. “ದಾರಿ ತಪ್ಪಿತಲ್ಲ, ಅದಕ್ಕೆ ಬೇಸರ ಬಂದದ್ದು. ಬೇಸರ ಬಂದು ದಾರಿ ತಪ್ಪಿದ್ದಲ್ಲ. ಇದನ್ನು ಒಬ್ಬರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.”

ನಾನು ಸುಳ್ಳು ಹೇಳಲಿಲ್ಲ. ಪರೀಕ್ಷೆ ಸರಿಯಾಗಿ ಬಂದಿಲ್ಲ, ನಿಮ್ಮ ಉತ್ತರವನ್ನು ನಂಬುವ ಹಾಗಿಲ್ಲ ಎಂದೆ. ಆ ಸೂಜಿಯ ಬಳಿಕ ಹಲವು ದಿನ ಅವರಿಗೆ ತಲೆ ಎತ್ತಲಾರದಷ್ಟು ನೋವಿತ್ತಂತೆ. ಅಷ್ಟೆಲ್ಲ ಅನುಭವಿಸಿದ್ದು ದಂಡವಾಯಿತು ಎಂದು ಬೈಯಬಹುದಿತ್ತು. ಬೈಯದೆ, “ಹಾಗಾದರೆ ಸರಿ ಮಾಡಿ,” ಎಂದು ಹೊರಟುಹೋದರು.

ಸರಿ ಮಾಡುವುದು ಎಲ್ಲಿಂದ? ಕಿಟ್ಟು ಬರುವ ದಾರಿಯಲ್ಲಿ ಬಿಸಿಯಾಗಿ ಕೆಟ್ಟಿದೆಯೇ ಎಂದು ಮೊದಲು ನೋಡಿದೆ. ಕಿಟ್ಟಿನ ಜೊತೆಯಲ್ಲೇ ಬರುವ, ಪ್ರಮಾಣ ಗೊತ್ತಿರುವ ದ್ರಾವಣಗಳು ಸರಿಯಾದ ಬಣ್ಣವನ್ನೇ ಕೊಡುತ್ತಿದ್ದವು. ಅಂದರೆ ಕಿಟ್ಟಿನ ತಪ್ಪಲ್ಲ. ಫ್ರೀಜರು ನಿಂತು ಮಾದರಿಗಳು ಕರಗಿದ್ದವೇ? ಆಗ ತಾನೇ ಬಂದ ಮಾದರಿಯಲ್ಲೂ ಅಮಿಲಾಯ್ಡ್ ಕಡಿಮೆಯೇ ಇತ್ತು. ಟಾವ್ ಮಾತ್ರ ಎಲ್ಲರಲ್ಲೂ ನಂಬುವ ಹಾಗೆ ಬರುತ್ತಿತ್ತು. ಒಂದು ಪ್ರೋಟೀನು ಉಳಿದು ಇನ್ನೊಂದು ಕಾಣೆಯಾಗುತ್ತದೆಂದರೆ ಅದು ಎಲ್ಲೋ ಅಂಟಿಕೊಳ್ಳುತ್ತಿರಬೇಕು.

ನಮ್ಮಲ್ಲಿ ಮಾದರಿಗಳನ್ನು ಇಡುತ್ತಿದ್ದದ್ದು ಪಾಲಿಪ್ರೊಪಿಲೀನ್ ಎಂಬ ಜಾತಿಯ ಪ್ಲಾಸ್ಟಿಕ್ಕಿನ ಕೊಳವೆಗಳಲ್ಲಿ. ಅಮಿಲಾಯ್ಡ್ ಅದಕ್ಕೆ ಅಷ್ಟಾಗಿ ಅಂಟುವುದಿಲ್ಲ. ಆದರೆ ದ್ರವ ನಮ್ಮ ಕೈಗೆ ಬರುವ ಮೊದಲು? ನಾನು ವಾರ್ಡಿಗೂ ಶಸ್ತ್ರಚಿಕಿತ್ಸೆಯ ಕೋಣೆಗೂ ಹೋಗಿ ನಿಂತು ನೋಡಿದೆ. ಮಿದುಳು ಜ್ವರದ ಪರೀಕ್ಷೆಗೆ ಎಂದು ಎಲ್ಲ ಕಡೆ ಇಟ್ಟಿರುವ, ಗಾಜಿನಂತೆ ಹೊಳೆಯುವ, ಬೇರೆ ಜಾತಿಯ ಪ್ಲಾಸ್ಟಿಕ್ಕಿನ ಪಾರದರ್ಶಕ ಸೀಸೆಯಲ್ಲಿ ದ್ರವ ಹಿಡಿಯುತ್ತಿದ್ದರು. ಮಿದುಳು ಜ್ವರ ನೋಡಲು ಅದು ಒಳ್ಳೆಯ ಸೀಸೆಯೇ. ನಮ್ಮ ಪ್ರಯೋಗಾಲಯಕ್ಕೆ ಬರುವ ತನಕ ದ್ರವ ಅದರಲ್ಲೇ ಇರುತ್ತಿತ್ತು.

ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಬಂದ ಒಬ್ಬರ ದ್ರವವನ್ನು, ಅವರ ಒಪ್ಪಿಗೆಯ ಮೇಲೆ, ಸೂಜಿಯ ಬುಡದಲ್ಲೇ ಮೂರು ಪಾಲು ಮಾಡಿಸಿದೆ. ಒಂದು ಪಾಲು ಗಾಜಿಗೆ, ಒಂದು ಆ ಹೊಳೆಯುವ ಸೀಸೆಗೆ, ಒಂದು ನೇರ ನಮ್ಮ ಕೊಳವೆಗೆ. ಉಳಿಸಿ ಎಂದಿದ್ದ ಕಿಟ್ಟನ್ನು ಮುಖ್ಯಸ್ಥರಲ್ಲಿ ಕೇಳದೆ ತೆರೆದೆ. ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಗ್ಗೆ ತೊಳೆದು, ಬಣ್ಣದ ದ್ರಾವಣ ಹಾಕಿದೆ. ಯಂತ್ರದ ವರೆಗೆ ಕೊಂಡೊಯ್ಯುವ ಅಗತ್ಯವೇ ಬೀಳಲಿಲ್ಲ. ಒಬ್ಬರದೇ ದ್ರವ, ನಮ್ಮ ಕೊಳವೆಯ ಪಾಲು ಗಾಢ ಹಳದಿ, ಉಳಿದ ಎರಡು ಪೇಲವ. ನಾನು ಆ ತಟ್ಟೆಯನ್ನು ಹಾಗೆಯೇ ಹಿಡಿದುಕೊಂಡು ಹೋಗಿ ಮುಖ್ಯಸ್ಥರ ಮೇಜಿನ ಮೇಲಿಟ್ಟೆ.

“ಸೆಕೆಯೂ ಅಲ್ಲ ಸರ್, ಕರೆಂಟೂ ಅಲ್ಲ. ಸೀಸೆ,” ಎಂದೆ.

ಅವರು ತಟ್ಟೆ ನೋಡಿದರು. “ಕೇಳದೆ ಕಿಟ್ಟು ತೆರೆದಿರಿ,” ಎಂದರು, ಅಷ್ಟೇ.

ಆದರೆ ಟೀಚರರ ಹಳೆಯ ಮಾದರಿಯನ್ನು ಇನ್ನು ಸರಿಪಡಿಸುವಂತಿರಲಿಲ್ಲ. ಸೀಸೆಗೆ ಅಂಟಿದ್ದು ಅಂಟಿತು. ಪುನಃ ಸೂಜಿ ಹಾಕಬೇಕು. ನರರೋಗ ತಜ್ಞರು ಕೈ ಚೆಲ್ಲಿದರು. ಉಡುಪಿಯಲ್ಲಿ ಹೋಟೆಲು ಇಟ್ಟುಕೊಂಡಿರುವ ಟೀಚರರ ತಮ್ಮ ಬಂದು, ಅಕ್ಕನಿಗೆ ಇನ್ನು ಯಾವ ಪರೀಕ್ಷೆಯೂ ಬೇಡ ಎಂದು ಹೇಳಿ ಹೋಗಿದ್ದರಂತೆ.

“ಬೇಡ ಎಂದವರು ತಮ್ಮ. ಬೆನ್ನು ಅಕ್ಕನದ್ದು,” ಎಂದು ನಾನು ಕಾಪುವಿಗೆ ಬಸ್ಸು ಹತ್ತಿದೆ.

ಟೀಚರ್ ಕಡಲ ಕಡೆಯ ಮೈದಾನದಲ್ಲಿದ್ದರು. ಬುರ್ಖಾ ತೊಟ್ಟ ಹುಡುಗಿಯೊಬ್ಬಳು ಮಾರುತಿ ಕಾರನ್ನು ಹಿಮ್ಮುಖವಾಗಿ ಎರಡು ಕಲ್ಲುಗಳ ನಡುವೆ ತರಲು ಒದ್ದಾಡುತ್ತಿದ್ದಳು. ಪಕ್ಕದ ಸೀಟಿನಲ್ಲಿ ಶಾಲೆಯ ಇನ್ನೊಬ್ಬ ಶಿಕ್ಷಕಿ ಕೂತಿದ್ದಳು. ಟೀಚರ್ ಹೊರಗೆ ನಿಂತು ಕೂಗುತ್ತಿದ್ದರು: “ಕನ್ನಡಿ ನೋಡು ಮಗಾ, ನನ್ನ ಮುಖ ಎಂತ ನೋಡುವುದು?”

ನನ್ನ ಕಡೆ ತಿರುಗಿ, “ರಸ್ತೆಗೆ ಈಗ ನಾನೊಬ್ಬಳೇ ಇಳಿಯುವುದಿಲ್ಲ. ಕಲಿಯುವವರ ಪಕ್ಕ ಅವಳನ್ನು ಕೂರಿಸಿಯೇ ಕಳಿಸುವುದು,” ಎಂದರು. ಯಾರೂ ಹೇಳುವ ಮೊದಲೇ ಅವರಾಗಿ ಮಾಡಿಕೊಂಡ ಏರ್ಪಾಡು ಅದು.

ಸೀಸೆಯ ವಿಷಯ ಹೇಳಿದೆ. ಇನ್ನೊಮ್ಮೆ ಚುಚ್ಚಬೇಕು ಎಂದೆ. ಈ ಸಲ ಇನ್ನೂ ಸಪೂರ ಸೂಜಿ ಹಾಕುತ್ತಾರೆ, ಆದರೂ ತಲೆನೋವು ಬರುವುದೇ ಇಲ್ಲವೆಂದು ಹೇಳಲಾರೆ ಎಂದೆ. ಉತ್ತರ ಬಂದರೂ ಕಾಯಿಲೆಯನ್ನು ನಿಲ್ಲಿಸುವ ಮದ್ದು ಇಲ್ಲವೆಂಬುದನ್ನೂ ಹೇಳಿದೆ.

“ಮದ್ದು ಇಲ್ಲ ಅಂತ ನನಗೂ ಗೊತ್ತುಂಟು. ಬ್ರೇಕು ಕಡಿಮೆ ಹಿಡಿಯುವ ಗಾಡಿ ಅಂತ ಗೊತ್ತಿದ್ದರೆ ನಾನು ಅದನ್ನು ಬೇರೆಯೇ ರೀತಿ ಓಡಿಸ್ತೇನೆ. ಗೊತ್ತಿಲ್ಲದೆ ಓಡಿಸಿದರೆ ಅಲ್ವಾ ಜನ ಸಾಯುವುದು?” ಎಂದರು. ಬಳಿಕ, “ಚುಚ್ಚಿ. ಆದರೆ ಉತ್ತರ ಮೊದಲು ನನಗೆ. ತಮ್ಮನಿಗೆ ಅಲ್ಲ. ನಾನು ಎತ್ತಿ ಆಡಿಸಿದ ಹುಡುಗ ಅವನು, ಈಗ ನನ್ನನ್ನು ಬಿಟ್ಟು ಡಾಕ್ಟರ ಹತ್ತಿರ ಗುಟ್ಟಿನಲ್ಲಿ ಮಾತಾಡ್ತಾನೆ. ಮಾತು ಕೊಡಿ.”

ನಾನು ಮಾತು ಕೊಟ್ಟೆ. ಅದನ್ನು ಕೊಡುವ ಅಧಿಕಾರ ನನಗಿರಲಿಲ್ಲ. ನಮ್ಮ ಯೋಜನೆಯ ನಿಯಮದ ಪ್ರಕಾರ ಫಲಿತಾಂಶ ಚಿಕಿತ್ಸೆ ಮಾಡುವ ವೈದ್ಯರಿಗೆ ಮಾತ್ರ, ಮುಂದಿನದು ಅವರ ವಿವೇಚನೆ. ಬಸ್ಸಿನಲ್ಲಿ ಹಿಂದೆ ಬರುವಾಗ ಭಯವಾಯಿತು, ಆದರೆ ತಪ್ಪು ಮಾಡಿದೆ ಎನ್ನಿಸಲಿಲ್ಲ.

ಎರಡನೆಯ ಸಲ ನಾನು ಪಕ್ಕದಲ್ಲೇ ಇದ್ದೆ. ಟೀಚರ್ ಮಗ್ಗುಲಾಗಿ ಮಲಗಿ ಮೊಣಕಾಲುಗಳನ್ನು ಹೊಟ್ಟೆಗೆ ಒತ್ತಿಕೊಂಡು ಗಲ್ಲವನ್ನು ಎದೆಗೆ ತಂದರು. ನರರೋಗ ತಜ್ಞರು ಸೊಂಟದ ಮೂಳೆಯ ಮೇಲಂಚಿನಿಂದ ಬೆರಳು ಸರಿಸುತ್ತ ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಸಂದು ಹುಡುಕಿ ಗುರುತು ಮಾಡಿದರು. ಸೂಜಿ ಒಳಗೆ ಹೋಯಿತು. ಮೊದಲ ಹನಿಗಳಲ್ಲಿ ರಕ್ತ ಬೆರೆತಿರಬಹುದೆಂದು ಅವನ್ನು ಬೇರೆ ಹಿಡಿದೆವು. ಆಮೇಲೆ ತಿಳಿಯಾದ ದ್ರವ ಹನಿಹನಿಯಾಗಿ, ನೇರವಾಗಿ ನಾನು ಹಿಡಿದ ಕೊಳವೆಗೆ. ಯಂತ್ರದಲ್ಲಿ ತಿರುಗಿಸಿ, ಸಣ್ಣ ಪಾಲುಗಳಾಗಿ ಮಾಡಿ, ನಾನೇ ಫ್ರೀಜರಿಗೆ ಸೇರಿಸಿದೆ.

ಈ ಸಲ ತಟ್ಟೆ ಸುಳ್ಳು ಹೇಳಲಿಲ್ಲ. ನೇರ ನಮ್ಮ ಕೊಳವೆಯಲ್ಲೇ ಹಿಡಿದ ಆರೋಗ್ಯವಂತರ ಮಾದರಿಗಳೆಲ್ಲ ಗಾಢ ಹಳದಿಯಾಗಿ ಮೇಲೆ ನಿಂತವು. ಟೀಚರರ ಅಮಿಲಾಯ್ಡ್ ಕೆಳಗಿತ್ತು. ಟಾವ್ ಮೇಲಿತ್ತು. ಜೊತೆಗಿಟ್ಟ ಎರಡನೆಯ ಪಾಲೂ ಅದನ್ನೇ ಹೇಳಿತು. ಪರೀಕ್ಷೆ ಗೆದ್ದಿತ್ತು. ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತೆ. ಗೆದ್ದ ಸಂತೋಷ ಎಷ್ಟು ಹುಡುಕಿದರೂ ಸಿಗಲಿಲ್ಲ.

ಫಲಿತಾಂಶ ಹೇಳಲು ನರರೋಗ ತಜ್ಞರು ಟೀಚರರನ್ನು ಕರೆಸಿದ ದಿನ ತಮ್ಮನೂ ಬಂದಿದ್ದರು. ಅಕ್ಕನನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ ಮೊದಲು ತಾವೇ ಒಳಗೆ ಬಂದರು. ನಾನು ಅಲ್ಲೇ ಇದ್ದೆ.

“ಡಾಕ್ಟ್ರೇ, ಎಂತ ಇದ್ದರೂ ಅವಳಿಗೆ ಹೇಳಬೇಡಿ. ಟೆನ್ಶನ್ ಅಂತ ಹೇಳಿಬಿಡಿ. ಶಾಲೆಯನ್ನು ನಾನು ಮೆಲ್ಲ ಮುಚ್ಚಿಸ್ತೇನೆ,” ಎಂದರು. ಧ್ವನಿ ತಗ್ಗಿತು. “ನನ್ನ ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ. ಮನೆಯಲ್ಲಿ ತಲೆ ಕೆಟ್ಟವರು ಇದ್ದಾರೆ ಅಂತ ಗೊತ್ತಾದರೆ ಯಾರು ಬರ್ತಾರೆ?”

ಕೆಟ್ಟ ಮನುಷ್ಯನಲ್ಲ ಅವರು.

ನರರೋಗ ತಜ್ಞರು ಪೇಪರ್‌ವೇಟು ತಿರುಗಿಸುತ್ತಿದ್ದರು. “ಮನೆಯವರು ಹೀಗೆ ಹೇಳುವಾಗ...” ಎಂದು ಶುರುಮಾಡಿದರು.

“ಸರ್, ಅವರಿಗೆ ಮೊದಲು ಹೇಳುತ್ತೇವೆಂದು ನಾನು ಮಾತು ಕೊಟ್ಟು ಬೆನ್ನಿಗೆ ಎರಡನೆಯ ಸೂಜಿ ಹಾಕಿಸಿದ್ದು,” ಎಂದೆ.

“ಮಾತು ಕೊಡುವ ಹಕ್ಕು ನಿಮಗಿಲ್ಲ.”

“ಇಲ್ಲ. ಆದರೆ ಕೊಟ್ಟಾಗಿದೆ. ನೀವು ಹೇಳದಿದ್ದರೆ ಈಗ ಹೊರಗೆ ಹೋಗಿ ನಾನು ಹೇಳುತ್ತೇನೆ. ಆಮೇಲೆ ನನಗೆ ನೋಟಿಸು ಕೊಡಿ.”

ತಜ್ಞರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು, ಅದನ್ನು ಮರೆಮಾಚಿ ಬರೆಯಲಾರೆ. ಆಮೇಲೆ ಅವರು ತಮ್ಮನ ಕಡೆ ತಿರುಗಿ, “ನೀವು ಸ್ವಲ್ಪ ಹೊರಗೆ ಕೂತುಕೊಳ್ಳಿ. ಅಕ್ಕನನ್ನು ಕಳಿಸಿ,” ಎಂದರು.

ಹೇಳಿದ್ದು ಅವರೇ, ಚೆನ್ನಾಗಿ ಹೇಳಿದರು. ಎಂ.ಆರ್.ಐ. ಚಿತ್ರವನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಕುಗ್ಗಿದ ಜಾಗ ತೋರಿಸಿದರು. ನನ್ನ ತಟ್ಟೆಯ ಫಲಿತಾಂಶ ವಿವರಿಸಿದರು. “ನೂರಕ್ಕೆ ನೂರು ಅಂತ ಹೇಳಲಿಕ್ಕೆ ಆಗುವುದಿಲ್ಲ. ಆದರೆ ನಿಮ್ಮ ತೊಂದರೆ, ಈ ಚಿತ್ರ, ಬೆನ್ನಿನ ನೀರು, ಮೂರೂ ಒಂದೇ ಕಡೆಗೆ ತೋರಿಸ್ತದೆ. ಇದು ಆಲ್ಝೈಮರ್, ಶುರುವಿನ ಹಂತ.”

ಟೀಚರ್ ಚಿತ್ರವನ್ನೇ ನೋಡುತ್ತಿದ್ದರು. “ಹಾಗಾದರೆ ಇದು ಬೇಸರದ ಕಾಯಿಲೆ ಅಲ್ಲ.”

“ಅಲ್ಲ.”

“ನಾನು ಹೇಳಿದ್ದೆ,” ಎಂದರು. ಗೆದ್ದವರ ಧ್ವನಿ ಅದು. ಅದು ಮುಗಿಯುವ ಮೊದಲೇ ಮುಖ ಕುಸಿಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಅಳು ನಿಂತ ಮೇಲೆ ಅವರೇ ಕೇಳಿದರು, “ಗಾಡಿ ಯಾವಾಗ ನಿಲ್ಲಿಸಬೇಕು?”

“ರಸ್ತೆಯಲ್ಲಿ ಇವತ್ತಿನಿಂದಲೇ.”

ಕಾಯಿಲೆಯ ಹೆಸರಿಗಿಂತ ಆ ಮಾತು ಅವರಿಗೆ ಹೆಚ್ಚು ತಾಗಿತೆಂದು ಕಂಡಿತು. ಆದರೂ ಬಿಡಲಿಲ್ಲ. “ಮೈದಾನದಲ್ಲಿ? ಹೊರಗೆ ನಿಂತು ಹೇಳಿಕೊಡುವುದು?” ತಜ್ಞರು ಯೋಚಿಸಿ, ಸ್ಟೇರಿಂಗ್ ನಿಮ್ಮ ಕೈಯಲ್ಲಿ ಇರದಿದ್ದರೆ, ಕಾರಿನಲ್ಲಿ ಇನ್ನೊಬ್ಬ ಶಿಕ್ಷಕಿ ಇದ್ದರೆ ಆಗಬಹುದು ಎಂದರು. “ಹಾಗಾದರೆ ಶಾಲೆ ಮುಚ್ಚುವುದಿಲ್ಲ,” ಎಂದು ಎದ್ದ ಟೀಚರ್, ಹೊರಗೆ ಹೋಗಿ ತಮ್ಮನಿಗೆ ತಾವೇ ಹೇಳಿದರು. ಬೆಂಚಿನ ಮೇಲೆ ಆ ದೊಡ್ಡ ಗಂಡಸು ಅಕ್ಕನ ಭುಜಕ್ಕೆ ತಲೆ ಇಟ್ಟು ಅಳುವುದು ಬಾಗಿಲ ಸಂದಿನಿಂದ ಕಾಣುತ್ತಿತ್ತು.

ನನಗೆ ನೋಟಿಸು ಬಂತು, ನರರೋಗ ತಜ್ಞರಿಂದಲ್ಲ, ಮುಖ್ಯಸ್ಥರಿಂದ. ಕೇಳದೆ ಕಿಟ್ಟು ತೆರೆದದ್ದಕ್ಕೆ, ನಿಯಮ ಮೀರಿ ರೋಗಿಗೆ ಮಾತು ಕೊಟ್ಟದ್ದಕ್ಕೆ. ಸಮಿತಿಯ ಮುಂದೆ ಕೂರಿಸಿದರು. ಕ್ಷಮೆ ಕೇಳಿದರೆ ಇಲ್ಲಿಗೇ ಮುಗಿಸೋಣ ಎಂದರು. ಕಿಟ್ಟಿನ ವಿಷಯಕ್ಕೆ ಕೇಳಿದೆ. ಮಾತಿನ ವಿಷಯಕ್ಕೆ ಕೇಳಲಿಲ್ಲ. “ಆರೋಗ್ಯ ಇದ್ದಾಗ ಜನರ ಹೆಬ್ಬೆಟ್ಟೂ ಸಹಿಯೂ ನಮಗೆ ಸಾಕಾಗುತ್ತದೆ. ರೋಗ ಎಂದು ಗೊತ್ತಾದ ಕೂಡಲೆ ತಮ್ಮನನ್ನು ಕರೆಯುತ್ತೇವೆ. ಇದು ಯಾವ ನಿಯಮ?” ಎಂದು ಕೇಳಿದೆ. ನರರೋಗ ತಜ್ಞರು ಅಲ್ಲಿ ನನ್ನ ಪರವಾಗಿ ಮಾತಾಡುತ್ತಾರೆಂದು ನಾನು ಎಣಿಸಿರಲಿಲ್ಲ, ಮಾತಾಡಿದರು. ಆ ಯೋಜನೆ ಮುಂದೆ ಹೆಚ್ಚು ಕಾಲ ನಡೆಯಲಿಲ್ಲ. ಆದರೆ ನಡೆದಷ್ಟು ಕಾಲ, ಸೂಜಿ ಹಾಕುವ ಮೊದಲೇ ರೋಗಿಯನ್ನು ಕೇಳುವ ಕ್ರಮ ಬಂತು: ಉತ್ತರ ನಿಮಗೆ ಬೇಕೇ? ಬೇಕಾದರೆ ಮೊದಲು ಯಾರಿಗೆ ಹೇಳಬೇಕು?

ತಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಟೀಚರ್ ಅವರ ಎದುರು ಕೂತು, “ನನಗೆ ಮರೆವಿನ ಕಾಯಿಲೆ ಉಂಟು. ನಾಳೆ ಬೇರೆಯವರು ಹೇಳುವುದು ಬೇಡ, ನಾನೇ ಹೇಳ್ತೇನೆ,” ಎಂದರಂತೆ. ಬಂದವರು ಚಹಾ ಕುಡಿದು ಹೋದವರು ತಿರುಗಿ ಬರಲಿಲ್ಲ. ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಎರಡನೆಯ ಸಂಬಂಧ ಬಂದಾಗಲೂ ಟೀಚರ್ ಅದನ್ನೇ ಹೇಳಿದರು. ಆ ಹುಡುಗನ ತಾಯಿ, ತಾನು ಕಾರು ಕಲಿತದ್ದು ಯಾರ ಕೈಕೆಳಗೆ ಎಂಬುದನ್ನು ಮರೆತಿಲ್ಲ ಎಂದು ನಕ್ಕರಂತೆ. ಮದುವೆ ನಡೆಯಿತು. ಇದನ್ನೆಲ್ಲ ನನಗೆ ಹೇಳಿದವರು ತಮ್ಮನೇ.

ಕಾಯಿಲೆ ನಿಲ್ಲಲಿಲ್ಲ. ಪ್ರತಿ ಸಲ ಮಣಿಪಾಲಕ್ಕೆ ಬಂದಾಗಲೂ ಏನೋ ಒಂದು ಕಡಿಮೆಯಾಗಿರುತ್ತಿತ್ತು. ಕೆಲವು ಶಬ್ದಗಳು ಹೋದವು, ಗಡಿಯಾರದ ಚಿತ್ರ ಬರೆಯುವುದು ಹೋಯಿತು. ಮೈದಾನಕ್ಕೆ ಮಾತ್ರ ಶಿಕ್ಷಕಿಯ ಜೊತೆ ಹೋಗುತ್ತಿದ್ದರು. ಅಂಥ ಒಂದು ಭೇಟಿಯಲ್ಲಿ ನಾನೂ ಕೋಣೆಯಲ್ಲಿದ್ದೆ. ನರರೋಗ ತಜ್ಞರು, “ಹೇಗಿದ್ದೀರಿ ಟೀಚರ್? ನಿದ್ರೆ ಬರ್ತದಾ?” ಎಂದು ಕೇಳಿದರು. ಟೀಚರ್ ಶಬ್ದ ಹುಡುಕುತ್ತಿದ್ದರು. ತಡವಾಯಿತೆಂದು ತಮ್ಮನೇ ಶುರುಮಾಡಿದರು: “ರಾತ್ರಿ ಏಳ್ತಾಳೆ ಡಾಕ್ಟ್ರೇ, ಅವಳಿಗೆ ಈಗ ಎಂತದ್ದೂ ಗೊತ್ತಾಗುವುದಿಲ್ಲ...”

ಟೀಚರ್ ತಮ್ಮನ ಮೊಣಕೈ ಹಿಡಿದು ನಿಲ್ಲಿಸಿದರು. ಹೇಳಲು ಹೊತ್ತು ಹಿಡಿಯಿತು, ಮಧ್ಯೆ ಎರಡು ಸಲ ತಡೆದರು, ಆದರೆ ಪೂರ್ತಿ ಹೇಳಿದರು.

“ಗೊತ್ತಾಗುವ ತನಕ ನಾನೇ ಹೇಳ್ತೇನೆ. ಗೊತ್ತಾಗದ ದಿನ ಬರ್ತದೆ, ಆಗ ನೀನು ಹೇಳು. ಆ ದಿನ ಇವತ್ತಲ್ಲ.”

ನರರೋಗ ತಜ್ಞರು ಕುರ್ಚಿಯನ್ನು ಟೀಚರ್ ಕಡೆಗೆ ತಿರುಗಿಸಿಕೊಂಡು, ಮೊದಲಿನಿಂದ ಕೇಳತೊಡಗಿದರು.